ವರ್ಷಾಬ್ದಿಕದ ಕೀರ್ತನೆ

ಮೂವತ್ತು ವರ್ಷ ಆ ಮನೆಯಲ್ಲಿ ಬೆಳಗಿನ ಕ್ರಮ ಒಂದೇ ಆಗಿತ್ತು. ಭಾಗವತರು ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತರೆ ಹೆಂಡತಿ ಅವರ ಬೆನ್ನ ಹಿಂದೆ ಕುಳಿತು ತಂಬೂರಿ ಮೀಟುತ್ತಿದ್ದಳು. ಎಷ್ಟೋ ದಿನ ಅವರು ಏಳುವಾಗ ಬಾಯಲ್ಲಿ ಹೊಸ ಕೀರ್ತನೆಯ ಮಟ್ಟು ಇರುತ್ತಿತ್ತು.

"ನನ್ನದೇನೂ ಇಲ್ಲ, ರಂಗನಾಥ ಕೊಟ್ಟದ್ದು," ಎನ್ನುತ್ತಿದ್ದರು.

ಅವಳು ಹೋದ ಮೇಲೆ ಒಂದು ಮಟ್ಟೂ ಹುಟ್ಟಲಿಲ್ಲ. ವರ್ಷಾಬ್ದಿಕಕ್ಕೆ ಅವಳ ಹೆಸರಿನಲ್ಲಿ ಒಂದು ಕೀರ್ತನೆಯಾದರೂ ಕಟ್ಟಬೇಕೆಂದು ಅವರು ಶ್ರುತಿಪೆಟ್ಟಿಗೆ ಹಚ್ಚಿಕೊಂಡು ದಿನವೂ ಕುಳಿತರು. ದೇವರು ಬಾಯಿ ಬಿಡಲಿಲ್ಲ. ಇನ್ನು ಒಂದೇ ದಿನ ಉಳಿದಿರುವಾಗ, ಅವರು ಆಸೆ ಬಿಟ್ಟು ಕುಳಿತಿದ್ದಾಗ, ಪಲ್ಲವಿ ತಾನಾಗಿ ಬಂತು.

ಭಾಗವತರು ಒಳಕ್ಕೆ ಓಡಿದರು. ವರ್ಷಾಬ್ದಿಕಕ್ಕೆಂದು ಬಂದಿದ್ದ ನಾದಿನಿ ನಾಗವೇಣಿ ಬೇಳೆ ಆರಿಸುತ್ತಿದ್ದಳು.

"ಅಡುಗೆಮನೆ ದಾರಿ ನಿಮಗೂ ಗೊತ್ತಾ ಭಾವ?"

"ಬಂತಮ್ಮ, ಬಂತು! ಕೇಳು."

ಅವರು ಪಲ್ಲವಿ ಹಾಡಿದರು. ಅನುಪಲ್ಲವಿ ಎತ್ತುವುದು ಹೇಗೆಂದು ತಡವರಿಸುತ್ತಿದ್ದಾಗ ನಾಗವೇಣಿ ಮೊರದಿಂದ ತಲೆ ಎತ್ತದೆ ಅದನ್ನೂ ಹಾಡಿ ಮುಗಿಸಿದಳು.

"ಇದನ್ನ ಇನ್ನೂ ಯಾರ ಮುಂದೂ ಹಾಡಿಲ್ಲ. ನಿನಗೆ ಹೇಗೆ ಗೊತ್ತು?"

"ಅಕ್ಕ ಆಸ್ಪತ್ರೆಯಲ್ಲಿ ಗುನುಗ್ತಿದ್ದಳಲ್ಲ, ನೀವೂ ಪಕ್ಕದಲ್ಲೇ ತೂಕಡಿಸ್ತಾ ಕೂತಿದ್ರಿ."

ಭಾಗವತರು ಮೊರದ ಎದುರಿಗೆ ಬಂದು ಕುಳಿತರು.

"ಅವಳಿಗೆ ಮಟ್ಟು ಹಾಕೋಕೆ ಬರ್ತಿತ್ತೇ?"

"ನೀವು ಧ್ಯಾನದಲ್ಲಿದ್ದಾಗ ಮೆಲ್ಲಗೆ ಗುನುಗಿ ನಿಮ್ಮ ಕಿವಿಗೆ ಹಾಕ್ತಿದ್ದದ್ದೆಲ್ಲ ಅವಳದೇ, ಅದರಲ್ಲಿ ಇದು ಕೊನೇದು ಭಾವ."