ಬಿಟ್ಟುಕೊಟ್ಟ ಎಲೆಗಳು

"ಏಳು, ಎರಡು," ಎಂದಳು ಚಿಗುಸಾ. "ಬಣ್ಣಾನೂ ಬೇರೆ ಬೇರೆ."

ಟ್ಯಾಬ್ಲೆಟ್ಟಿನ ಪರದೆಯ ಮೇಲಿದ್ದದ್ದು ಇಸ್ಪೀಟಿನ ಜೋಡಿ ರಾಜರು.

ಹಾಸಿಗೆಯಲ್ಲಿ ಅಪ್ಪ ಒಂದು ಸಲ ಕಣ್ಣು ಮಿಟುಕಿಸಿದರು. ಒಂದು ಸಲವೆಂದರೆ ಬಿಡು, ಎರಡು ಸಲವೆಂದರೆ ಆಡು. ಅವಳು 'ಬಿಡು' ಗುಂಡಿ ಒತ್ತಿದಳು. ರಾಜರಿಬ್ಬರೂ ಮಾಯವಾದರು. ಉಸಿರಾಟದ ಯಂತ್ರ ತನ್ನ ಪಾಡಿಗೆ ಉಸ್ಸೆನ್ನುತ್ತಿತ್ತು.

ಅಪ್ಪ, ಹೊರಿಗೋಮೆ ಕುನಿಮಿತ್ಸು, ಮೂವತ್ತು ವರ್ಷ ಜಪಾನಿನ ಒತಾರು ಬಂದರಿನಲ್ಲಿ ಹಡಗು ಎಳೆಯುವ ದೋಣಿ ನಡೆಸಿದವರು. ನರಗಳ ಕಾಯಿಲೆ ಮೊದಲು ಕೈ ಕಿತ್ತುಕೊಂಡಿತು, ಆಮೇಲೆ ಕಾಲು, ಹೋದ ವರ್ಷ ಮಾತು. ಉಳಿದದ್ದು ಕಣ್ಣು. ಏನಾದರೂ ಹೇಳಬೇಕೆಂದರೆ ಚಿಗುಸಾ ಗಾಜಿನಂಥ ಅಕ್ಷರದ ಹಲಗೆಯನ್ನು ಅವರ ಮುಖದೆದುರು ಹಿಡಿದು, ಅವರ ನೋಟ ನಿಂತಲ್ಲೆಲ್ಲ ಒಂದೊಂದು ಅಕ್ಷರ ಹೆಕ್ಕಬೇಕು. ದಣಿವಿನ ಕೆಲಸ. ಹಾಗಾಗಿ ಇಬ್ಬರೂ ಅದರ ಗೋಜಿಗೆ ಹೋಗುವುದು ಕಡಿಮೆಯಾಗಿತ್ತು. ಎಷ್ಟೋ ದಿನ ಆ ಮನೆಯಲ್ಲಿ ಯಂತ್ರದ ಸದ್ದು ಬಿಟ್ಟರೆ ಮಾತೇ ಇರುತ್ತಿರಲಿಲ್ಲ.

ಆರು ತಿಂಗಳ ಹಿಂದೆ ಅವರಾಗಿಯೇ ಹಲಗೆ ಕೇಳಿದ್ದರು. ಬಂದರಿನ ಹಳೆಯ ಗೆಳೆಯರೆಲ್ಲ ದಿನಾ ಮಧ್ಯಾಹ್ನ ಎರಡಕ್ಕೆ ಆನ್‌ಲೈನಿನಲ್ಲಿ ಪೋಕರ್ ಆಡುತ್ತಾರೆ. ಹಣವಿಲ್ಲ, ಬರೀ ಬಿಲ್ಲೆಗಳು. ಒಳ್ಳೆಯ ಎಲೆ ಬರುವ ತನಕ ಬಂದದ್ದನ್ನೆಲ್ಲ ಬಿಡುತ್ತ ಬಂಡೆಯ ಹಾಗೆ ಕೂರಬಲ್ಲವರೆಂದು ಅಪ್ಪನಿಗೆ ಅಲ್ಲಿ ಹೆಸರು. "ಎಲೆ ಸಣ್ಣದು. ಮಂಜು ಮಂಜು. ಓದಿ ಹೇಳು," ಎಂದು ಅಕ್ಷರ ಕೂಡಿಸಿದ್ದರು.

ಓದಿದಳು. ಅಪ್ಪ ಗೆಲ್ಲತೊಡಗಿದರು. ಗೆದ್ದರೆ ಆಟ ನಾಲ್ಕರ ತನಕ ಎಳೆಯುತ್ತದೆ. ಆರೈಕೆಗೆ ಬರುವ ಉಸುಯಿ ಇರುವುದು ಮೂರರಿಂದ ನಾಲ್ಕು. ಇಸ್ಪೀಟೆಂದರೆ ಆಕೆಗೆ ರಾಣಿ ಯಾವುದು ಗುಲಾಮ ಯಾವುದು ತಿಳಿಯದು. ಚಿಗುಸಾಳಿಗೆ ಇಡೀ ದಿನದಲ್ಲಿ ಹೊರಗೆ ಕಾಲಿಡಲು ಸಿಗುವುದು ಆ ಒಂದೇ ಗಂಟೆ.

ಫೆಬ್ರವರಿಯ ಒಂದು ಮಧ್ಯಾಹ್ನ ಅವಳ ಬಾಯಿಂದ ಸುಳ್ಳು ತಾನಾಗಿ ಬಂತು. ಜೋಡಿ ರಾಣಿ ಕಂಡು "ಒಂಬತ್ತು, ಮೂರು" ಎಂದಳು. ಅಪ್ಪ ಬಿಟ್ಟರು. ಅಷ್ಟು ಸುಲಭ. ಏನೂ ಆಡದೆ ಕೂತವರ ಬಿಲ್ಲೆಗಳನ್ನು ಸುತ್ತು ಸುತ್ತಿಗೂ ಕಟ್ಟಲೇಬೇಕಾದ ಪಣವೇ ಮುಕ್ಕಿ ಮುಗಿಸುತ್ತದೆ. ಮೂರರೊಳಗೆ ಅಪ್ಪ ಆಟದಿಂದ ಹೊರಗೆ, ಅವಳು ಮನೆಯಿಂದ ಹೊರಗೆ.

ಹೋಗುತ್ತಿದ್ದುದಾದರೂ ಎಲ್ಲಿಗೆ? ಕಡಲಗೋಡೆಯ ಪಕ್ಕ ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ಬಾಗಿಸಿ, ಸಿಹಿ ಹೂರಣದ ಬನ್ನು ತಿನ್ನುತ್ತ ಸುಮ್ಮನಿರಲು. ಅಷ್ಟಕ್ಕಾಗಿ ಮಾತು ಬಾರದವನನ್ನು ದಿನಾ ಮೋಸ ಮಾಡುತ್ತಿದ್ದೇನೆ ಎಂಬುದು ಬನ್ನಿನ ಜೊತೆಗೇ ಗಂಟಲಿಗೆ ಬರುತ್ತಿತ್ತು. ನಾಳೆ ಬೇಡ ಎಂದುಕೊಳ್ಳುತ್ತಿದ್ದಳು. ನಾಳೆಯೂ "ಎಂಟು, ಮೂರು" ಎನ್ನುತ್ತಿದ್ದಳು.

ರಾಜರು ಮಾಯವಾದ ಆ ದಿನ ಗೆಳೆಯ ತೊಕುಜಿ ಪರದೆಯ ಮೂಲೆಯಲ್ಲಿ ಬರೆದ. ಅದನ್ನೂ ಅವಳೇ ಗಟ್ಟಿಯಾಗಿ ಓದಬೇಕಾಯಿತು.

"ಲೋ ಹೊರಿಗೋಮೆ, ಇಪ್ಪತ್ತು ದಿನ ಆಯ್ತಲ್ಲೋ ನೀನು ಒಂದು ಕೈ ಆಡಿ! ನಿಂಗೆ ಎಲೆ ಹಾಕ್ತಿರೋರು ಯಾರಯ್ಯಾ? ನಾನಾಗಿದ್ರೆ ಟ್ಯಾಬ್ಲೆಟ್ಟನ್ನ ಸಮುದ್ರಕ್ಕೆ ಎಸೀತಿದ್ದೆ."

ಅಪ್ಪ ಪರದೆಯನ್ನಲ್ಲ, ಅವಳನ್ನೇ ನೋಡುತ್ತಿದ್ದರು.

ಮೂರಕ್ಕೆ ಬಂದ ಉಸುಯಿ ಕೋಟು ಬಿಚ್ಚುತ್ತ ಕೇಳಿದಳು: "ಇವತ್ತೂ ಸೋತ್ರಾ? ಏನ್ ತಾಳ್ಮೆ ಕಣಮ್ಮಾ ನಿಮ್ಮಪ್ಪಂದು! ನನ್ ಗಂಡ ಮೂರು ಸಲ ಕೆಟ್ಟ ಎಲೆ ಬಂದ್ರೆ ಮೇಜು ಒದೀತಾನೆ. ನೀವೂ ಕಮ್ಮಿ ಇಲ್ಲ ಬಿಡಿ, ದಿನಾ ಪಕ್ಕದಲ್ಲೇ ಕೂತು ಓದ್ತೀರಲ್ಲ. ಯಾವ ಮಗಳು ಮಾಡ್ತಾಳೆ?"

ಚಿಗುಸಾ ತಲೆ ಎತ್ತದೆ ಬೂಟು ಹಾಕಿಕೊಂಡಳು. ಅಂದು ಬನ್ನನ್ನು ಕಡಲಹಕ್ಕಿಗಳಿಗೆ ಎಸೆದಳು.

ಮರುದಿನ ಇದ್ದದ್ದನ್ನೇ ಓದಬೇಕೆಂದು ಹಟ ತೊಟ್ಟು ಕೂತಳು. ಅಣಕಿಸಿದ ಹಾಗೆ ಅಂದು ನಿಜವಾಗಿಯೇ ಕೆಟ್ಟ ಎಲೆಗಳು ಬಂದವು. ಒಂಬತ್ತು-ನಾಲ್ಕು. ಗುಲಾಮ-ಎರಡು. ಎಂಟು-ಮೂರು. ಪ್ರತಿಯೊಂದನ್ನೂ ಅವಳು ತಪ್ಪೊಪ್ಪಿಗೆಯ ಹಾಗೆ ಓದಿದಳು. ಪ್ರತಿಯೊಂದಕ್ಕೂ ಅಪ್ಪ ಒಂದೇ ಸಲ ಮಿಟುಕಿಸಿದರು. ನಿಜ ಹೇಳಿದರೂ ಅದು ನಿನ್ನೆಯ ಸುಳ್ಳಿನಂತೆಯೇ ಕೇಳಿಸುತ್ತಿತ್ತು. ಬಿಲ್ಲೆಗಳು ಕರಗುತ್ತ ಬಂದವು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಬಂತು.

"ಅಪ್ಪಾ," ಎಂದಳು. "ಎಕ್ಕ. ಎರಡೂ ಎಕ್ಕ!"

ಅಪ್ಪ ಒಂದು ಸಲ ಮಿಟುಕಿಸಿದರು.

"ಅಪ್ಪಾ, ಸರಿಯಾಗಿ ಕೇಳಿಸ್ಕೋ. ಜೋಡಿ ಎಕ್ಕ! ಇದಕ್ಕಿಂತ ದೊಡ್ಡ ಎಲೆ ಇಲ್ಲ ಅಂತ ನೀನೇ ಹೇಳ್ಕೊಟ್ಟಿದ್ದು."

ಮತ್ತೆ ಒಂದೇ ಸಲ. ಅವಳು ಗುಂಡಿ ಒತ್ತಲಿಲ್ಲ. ಹೊತ್ತು ಮೀರಿತು, ಎಕ್ಕಗಳು ತಾವಾಗಿಯೇ ಮಾಯವಾದವು. ತನ್ನ ಮಾತಿನ ಮೇಲೆ ಅಪ್ಪನಿಗೆ ನಂಬಿಕೆ ಹೋಗಿದೆ, ಬೇರೇನಿದ್ದೀತು? ಚಿಗುಸಾ ಹಾಸಿಗೆಯ ಅಂಚಿಗೆ ಹಣೆ ಒತ್ತಿ ಅತ್ತುಬಿಟ್ಟಳು.

"ಸುಳ್ಳು ಓದಿದೆ ಅಪ್ಪಾ. ಇಪ್ಪತ್ತು ದಿನದಿಂದ. ಒಳ್ಳೊಳ್ಳೆ ಎಲೆ ಬರ್ತಿತ್ತು. ಆಟ ಬೇಗ ಮುಗೀಲಿ, ನಾನು ಹೊರಗೆ ಹೋಗ್ಬೇಕು ಅಂತ... ನಿಂಗೆ ಕಾಣಲ್ಲ ಅಂತ ಧೈರ್ಯ ನಂಗೆ. ಥೂ, ನಾನೆಂಥವಳು!"

ತಲೆ ಎತ್ತಿದಾಗ ಅಪ್ಪನ ಕಣ್ಣು ಗೋಡೆಗೆ ಒರಗಿಸಿಟ್ಟ ಹಲಗೆಯ ಮೇಲಿತ್ತು. ಅದನ್ನು ಎತ್ತಿ ಹಿಡಿದಳು. ಎರಡು ಸಲ ಅಕ್ಷರ ತಪ್ಪಿದವು. ಅಪ್ಪ ಅವಸರಿಸಲಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಿದರು. ಬಾಗಿಲಲ್ಲಿ ಉಸುಯಿ ಬೂಟಿನ ಹಿಮ ಕೊಡವುವ ಸದ್ದಾಗುವ ಹೊತ್ತಿಗೆ ಸಾಲು ಪೂರ್ತಿಯಾಗಿತ್ತು.

"ಎಲೆ ಮೊದಲಿಂದ್ಲೂ ಕಾಣ್ತಿತ್ತು. ನಿನ್ನ ದನಿ ಕೇಳೋಣ ಅಂತ ಓದಿಸ್ತಿದ್ದೆ. ಮೂರಾಯ್ತು, ಹೋಗಿ ಬಾ."