ಹೂವಿಡಬಾರದ ಪಟ

ಕನ್ನಮ್ಮ ಚೀಲದಿಂದ ಕಟ್ಟು ಹಾಕಿಸಿದ ಎರಡು ಪಟ ತೆಗೆದು ಹೇರಂಬನ ಮೇಜಿನ ಮೇಲೆ ಜೋಡಿಸಿಟ್ಟಳು. ಒಂದು ತೀರಿಹೋದ ಗಂಡನದು, ಇನ್ನೊಂದು ಮೈದುನ ಮಂಜುನಾಥಪ್ಪನದು. ಎರಡನ್ನೂ ತೆಗೆದವನು ಸಾಗರದ ಸ್ಟುಡಿಯೋದ ಇದೇ ಹೇರಂಬ. ಗಂಡನದನ್ನು ಮಾತ್ರ ಜೀವ ಹೋದ ಮೇಲೆ, ಇಕ್ಕೇರಿಯ ಮನೆಯಂಗಳದಲ್ಲಿ ಕುರ್ಚಿಗೆ ಒರಗಿಸಿ ತೆಗೆದದ್ದು. ಆಗ ಹಾಗೇ ರೂಢಿ.

"ಇದ್ರಲ್ಲಿ ಸತ್ತೋರು ಯಾರು, ಹೇಳಿ ನೋಡಣ."

ಹೇರಂಬ ಕನ್ನಡಕ ಒರೆಸಿಕೊಂಡು ನೋಡಿದ. ತೆಗೆದವನಿಗೇ ಗುರುತು ಹತ್ತಲಿಲ್ಲ. ಇಬ್ಬರದೂ ಬಿಗಿದ ತುಟಿ, ಇಬ್ಬರದೂ ಗೋಲಿಯಂಥ ಕಣ್ಣು. ಕೊನೆಗೆ ಧೈರ್ಯ ಮಾಡಿ ಬಲಗಡೆಯದನ್ನು ತೋರಿಸಿದ.

"ಅವ್ರು ನಮ್ ಮೈದುನ. ಹೊರಗೆ ಗಾಡಿ ಹತ್ರ ಬೀಡಿ ಸೇದ್ತಾ ನಿಂತಿದಾರೆ. ಮೊನ್ನೆ ಹೊಸನಗರದ ನೆಂಟರು ಬಂದು ಎರಡು ಪಟಕ್ಕೂ ಹೂ ಇಟ್ಟು ಕೈ ಮುಗಿದ್ರು. ಈ ಮೈದುನ ಅಲ್ಲೇ ಕೂತು ಕಾಫಿ ಕುಡೀತಿದ್ರು."

ಹೇರಂಬನಿಗೆ ನಗು ಬರಲಿಲ್ಲ. ಒಂದು ವರ್ಷದಿಂದ ಅವನನ್ನು ತಿನ್ನುತ್ತಿದ್ದದ್ದೂ ಇದೇ. ಲಿಂಗನಮಕ್ಕಿ ಅಣೆಕಟ್ಟಿನ ಎಂಜಿನಿಯರಿರಲಿ, ಮದುಮಗಳಿರಲಿ, ಸ್ಟುಡಿಯೋದ ಕುರ್ಚಿಯಲ್ಲಿ ಕೂತವರೆಲ್ಲ ಕಟ್ಟಿಗೆಯಾಗುತ್ತಿದ್ದರು. ಲೆನ್ಸು ಬದಲಿಸಿದ, ಹಿಂದಿನ ಪರದೆಗೆ ಹೊಸ ಜಲಪಾತ ಬರೆಸಿದ. ನೀರು ಹರಿಯುವಂತೆ ಕಂಡಿತು, ಮುಂದೆ ಕೂತವರು ಮಾತ್ರ ಜೀವವಿರುವಂತೆ ಕಾಣಲಿಲ್ಲ. ತನ್ನ ಕೈಗೆ ಈ ವಿದ್ಯೆ ಒಲಿದೇ ಇಲ್ಲವೆಂದುಕೊಂಡು ಕ್ಯಾಮರಾವನ್ನು ಶಿವಮೊಗ್ಗದವರೊಬ್ಬರಿಗೆ ಮಾರಲು ಒಪ್ಪಿದ್ದ. ಸೋಮವಾರ ಬಂದು ಒಯ್ಯುವವರಿದ್ದರು.

"ನಂದೊಂದು ತೆಗೀರಿ," ಎಂದಳು ಕನ್ನಮ್ಮ. "ಯಾರೂ ಹೂ ಇಡಬಾರದು, ಅಂಥದ್ದು."

ಹೇರಂಬ ಕ್ಯಾಮರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಎಂದಿನ ಪಾಠ ಒಪ್ಪಿಸಿದ. "ನೆಟ್ಟಗೆ ಕೂತ್ಕೊಳ್ಳಿ. ಗಲ್ಲ ಮೇಲೆ. ಉಸಿರು ಕಟ್ಟಿ. ಅಲ್ಲಾಡಬೇಡಿ." ಇಷ್ಟು ಹೊತ್ತು ಎಲೆಯಡಿಕೆ ಜಗಿಯುತ್ತ ಮಾತಾಡುತ್ತಿದ್ದ ಮುದುಕಿ ಕ್ಯಾಮರಾದ ಗಾಜಿನಲ್ಲಿ ತಲೆಕೆಳಗಾಗಿ, ಕಂಬವಾಗಿಬಿಟ್ಟಳು.

"ಹೆಂಗ್ ಕಾಣ್ತೀನಿ?" ತುಟಿ ಅಲ್ಲಾಡಿಸದೆ ಕೇಳಿದಳು.

"ಆ ಎರಡರ ಪಕ್ಕಕ್ಕೆ ಸರಿಯಾಗ್ತೀರಿ."

ಅಂದ ಮೇಲೆ ಅವನಿಗೇ ಹೊಳೆಯಿತು. ಉಸಿರು ಕಟ್ಟಿ ಎಂದು ಹನ್ನೆರಡು ವರ್ಷದಿಂದ ಹೇಳಿಕೊಂಡು ಬಂದವನು ತಾನೇ. ಪಾಪ, ಅವರು ಕಟ್ಟುತ್ತಿದ್ದರು.

ಬಟ್ಟೆಯಿಂದ ಹೊರಬಂದು, ಚಿತ್ರ ಮೂಡುವ ಗಾಜಿನ ಪ್ಲೇಟನ್ನು ಕ್ಯಾಮರಾಕ್ಕೆ ಸೇರಿಸಿದ. ಪಟ ತೆಗೆಯಲು ಒತ್ತುವ ರಬ್ಬರ್ ಬಲ್ಬನ್ನು ಅವಳಿಗೆ ಕಾಣದಂತೆ ಬೆನ್ನ ಹಿಂದೆ ಹಿಡಿದುಕೊಂಡ.

"ಅದಿರ್ಲಿ ಅಮ್ಮ, ಹೂ ಇಟ್ಟಾಗ ನಿಮ್ಮ ಮೈದುನ ಏನಂದ್ರು?"

"ಏನಂತಾರೆ? ಹೂ ಆಯ್ತು, ಎಡೆ ಯಾವಾಗ ಇಡ್ತೀರಿ ಅಂದ್ರು!"

ಕನ್ನಮ್ಮ ತೊಡೆ ತಟ್ಟಿಕೊಂಡು ನಕ್ಕಳು. ಹೇರಂಬ ಬಲ್ಬು ಒತ್ತಿದ.

ಸೋಮವಾರ ಬಂದ ಶಿವಮೊಗ್ಗದವರು ಬರಿಗೈಯಲ್ಲಿ ಹೋದರು. ಮಂಗಳವಾರ ಕನ್ನಮ್ಮ ಬಂದು ಪಟ ನೋಡಿದಳು. ಮುಖ ಚೆನ್ನಾಗಿ ಬಂದಿತ್ತು, ಉಳಿದಿದ್ದ ನಾಲ್ಕು ಹಲ್ಲುಗಳ ಸಮೇತ. ತೊಡೆ ತಟ್ಟಿದ ಬಲಗೈ ಮಾತ್ರ ಅಲುಗಿ ಮೂರಾಗಿತ್ತು.

"ಕೈ ಕೆಟ್ಟಿದೆ, ಇನ್ನೊಂದು ತೆಗೀತೀನಿ," ಎಂದ ಹೇರಂಬ.

"ಅತ್ತಿಗೆ," ಎಂದ ಬಾಗಿಲಲ್ಲಿ ನಿಂತಿದ್ದ ಮಂಜುನಾಥಪ್ಪ, "ಇಷ್ಟು ಕೈ ನೋಡಿದ್ರೆ ಅಮ್ನೋರು ಅಂತ ಹೂ ಇಟ್ಟೇ ಇಡ್ತಾರೆ."

"ಇಡ್ಲಿ ಬಿಡು. ಸತ್ತೋಳು ಅಂತೂ ಅನ್ನಲ್ಲ."

ಮಂಜುನಾಥಪ್ಪ ಒಂದು ಗಳಿಗೆ ಆ ಪಟವನ್ನೇ ನೋಡಿದ. ಬೀಡಿ ಎಸೆದು ಬಂದು ಕುರ್ಚಿಯಲ್ಲಿ ಕೂತ. ಹೇರಂಬ ಇನ್ನೂ ಪ್ಲೇಟು ಹುಡುಕುತ್ತಿದ್ದಂತೆಯೇ ಎರಡೂ ಕೈಗಳನ್ನು ಜೋರಾಗಿ ಆಡಿಸತೊಡಗಿದ.