ಫಕೀರವ್ವನ ನಳಿಕೆ

ವಾರ್ಡಿನ ಮೂತ್ರದ ನಳಿಕೆಗಳೆಲ್ಲ ದಿನಾ ಬೆಳಿಗ್ಗೆ ಏಳಕ್ಕೆ ಕೇಳುವಂತೆ ಫಕೀರವ್ವನ ನಳಿಕೆಯೂ ಕೇಳಿತು. "ಅವ್ವಾರ, ಇವತ್ತಿಗೆ ಒಂಬತ್ತು ದಿನ ಆತು. ನಾ ಇನ್ನೂ ಬೇಕೇನ್ರಿ?"

ಬೇಡವೆಂದರೆ ನರ್ಸ್ ಬಂದು ತೆಗೆಯುತ್ತಿದ್ದಳು. ಆಮೇಲೆ ಸೊಂಟದ ಆಪರೇಷನ್ ಆದ ಈ ದೇಹವನ್ನು ಹಿಡಿದೆಬ್ಬಿಸಿ ಪಾಯಖಾನೆಗೆ ನಡೆಸಬೇಕಾದವಳು ಸೊಸೆ ದಾಕ್ಷಾಯಣಿ. ಇಪ್ಪತ್ತು ವರ್ಷ ತಾನು ಬೈಯುತ್ತಲೇ ಬಂದ ಸೊಸೆಯನ್ನು ಈಗ ಯಾವ ಬಾಯಿಂದ ಕೇಳುವುದು?

"ಇರು," ಎಂದಳು ಫಕೀರವ್ವ, ಎಂದಿನಂತೆ.

"ನಿಮಗ ಶುಗರ್ ಐತಿ, ವಯಸ್ಸೂ ಆಗೇತಿ," ಎಂದಿತು ನಳಿಕೆ ನಯವಾಗಿ. "ನಾ ಇದ್ದಷ್ಟು ದಿನ ನಂಜು ರಕ್ತಕ್ಕ ಏರೋ ಭಯ ಹೆಚ್ಚು. ನಿನ್ನಿ ನಾಕು ಹೆಜ್ಜಿ ನಡದೀರಿ. ನಾ ಹೋಗತೀನ್ರಿ."

"ಸುಮ್ನಿರು, ಅಕಿ ಕೇಳಿಸ್ಕೊಂಡಾಳು. ಅಕಿ ಕೈ ಹಿಡಕೊಂಡು ಪಾಯಖಾನಿಗೆ ಹೋಗೋ ಮಾರಿ ನನಗಿಲ್ಲ."

ಚಹಾ ತರಲು ಹೋಗಿದ್ದ ದಾಕ್ಷಾಯಣಿ ಆಗಲೇ ಪರದೆಯ ಆಚೆ ನಿಂತಿದ್ದಳು. ಒಳಗೆ ಬಂದು ಲೋಟ ಇಟ್ಟಳು. ಅತ್ತೆಯ ಮುಖ ನೋಡದೆ ನಳಿಕೆಗೆ ಹೇಳಿದಳು: "ಬ್ಯಾಡಂತ ಸಿಸ್ಟರ್‌ಗ ಹೇಳು."

ಆಮೇಲೆ ಮಂಚದ ಕೆಳಗಿದ್ದ ಅತ್ತೆಯ ಚಪ್ಪಲಿಗಳನ್ನು ಎಳೆದು, ಕಾಲ ಬಳಿ ಜೋಡಿಸಿಟ್ಟಳು.

"ಬೈಯೋದಿದ್ರ ನಡಕೋತ ಬೈರಿ, ಅತ್ತಿ."